ಐವತ್ತೈದು ಸಾವಿರಕ್ಕೆ ಡೆಸ್ಕ್‌ಟಾಪ್: ಇವತ್ತು ಏನು, ಆಮೇಲೆ ಏನು?

"ಐವತ್ತು ಸಾವಿರ ಇದೆ, ಯಾವ ಕಂಪ್ಯೂಟರ್ ತಗೊಳ್ಲಿ?"

ಸಾಫ್ಟ್‌ವೇರ್ ಕೆಲಸದಲ್ಲಿರುವ ಯಾರಿಗೇ ಆಗಲಿ ವರ್ಷಕ್ಕೆ ಹತ್ತು ಸಲವಾದರೂ ಬರುವ ಪ್ರಶ್ನೆ ಇದು. ಮದುವೆ ಊಟದ ಪಂಕ್ತಿಯಲ್ಲಿ ಎಲೆಗೆ ಉಪ್ಪು ಬೀಳುವ ಮೊದಲೇ ಕೇಳುವವರಿದ್ದಾರೆ. ನಾವು ಬರೆಯೋದು ಕೋಡ್, ಮದರ್‌ಬೋರ್ಡ್‌ಗೂ ನಮಗೂ ಅಷ್ಟಕ್ಕಷ್ಟೇ ಅಂದರೆ ಯಾರೂ ನಂಬಲ್ಲ. ನನ್ನ ವಿಷಯದಲ್ಲಿ ಸ್ವಲ್ಪ ಸಂಬಂಧ ಇದೆ ಅನ್ನಿ. ಎಂಜಿನಿಯರಿಂಗ್ ಹಾಸ್ಟೆಲ್ ದಿನಗಳಿಂದ ಇಲ್ಲಿಯವರೆಗೆ ಗೆಳೆಯರಿಗೆ, ನೆಂಟರಿಗೆ ಅಂತ ಹದಿನೈದಕ್ಕೂ ಹೆಚ್ಚು ಡೆಸ್ಕ್‌ಟಾಪ್ ಜೋಡಿಸಿಕೊಟ್ಟಿದ್ದೀನಿ.

ಕೇಳಿದವರಿಗೆ ನಾನು ಎರಡು ಪ್ರಶ್ನೆ ವಾಪಸ್ ಕೇಳ್ತೀನಿ. ಒಂದು, ಅದರಲ್ಲಿ ಏನು ಕೆಲಸ ಮಾಡ್ತೀರಾ? ಇದನ್ನು ಎಲ್ಲರೂ ಕೇಳ್ತಾರೆ. ಎರಡನೆಯದು, ಇದಾದ ಮೇಲೆ ಮತ್ತೆ ಕಂಪ್ಯೂಟರ್‌ಗೆ ಅಂತ ದುಡ್ಡು ಯಾವಾಗ ಸಿಗುತ್ತೆ? ಈ ಎರಡನೇ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಬಿಡಿಭಾಗ ಆರಿಸೋಕೆ ಆಗಲ್ಲ. ಯಾಕಂದ್ರೆ ಡೆಸ್ಕ್‌ಟಾಪ್‌ನ ಕೆಲವು ಭಾಗಗಳನ್ನು ಆಮೇಲೆ ಸುಲಭವಾಗಿ ಸೇರಿಸಬಹುದು, ಕೆಲವನ್ನು ಬದಲಾಯಿಸಬೇಕಂದ್ರೆ ಇಡೀ ಡಬ್ಬ ಬಿಚ್ಚಬೇಕು, ಇನ್ನು ಕೆಲವು ಕೆಟ್ಟರೆ ಪಕ್ಕದವನ್ನೂ ಸುಟ್ಟುಕೊಂಡು ಹೋಗುತ್ತವೆ. ಬಜೆಟ್ ಕಡಿಮೆ ಇದ್ದಾಗ ಯಾವುದು ಬೆಸ್ಟ್ ಅಂತ ಕೇಳಿ ಪ್ರಯೋಜನ ಇಲ್ಲ. ಯಾವುದನ್ನು ಆಮೇಲೆ ಮಾಡಬಹುದು, ಯಾವುದನ್ನು ಈಗಲೇ ಮಾಡಬೇಕು ಅನ್ನೋದೇ ಲೆಕ್ಕ.

ತಿಪಟೂರಿನ ಲೆಕ್ಕ

ಒಂದು ನಿಜವಾದ ಉದಾಹರಣೆ ಇಟ್ಟುಕೊಂಡೇ ಹೇಳ್ತೀನಿ. ಕಳೆದ ವರ್ಷ ಯುಗಾದಿ ಮುಗಿದ ಮೇಲೆ ತಿಪಟೂರಿನ ನನ್ನ ಚಿಕ್ಕಪ್ಪ ಮಗಳಿಗೆ ಡೆಸ್ಕ್‌ಟಾಪ್ ಕೊಡಿಸಲು ಹೊರಟರು. ಅವಳು ಸಿವಿಲ್ ಡಿಪ್ಲೊಮಾ ಮುಗಿಸಿದ್ದಳು. ಊರಿನ ಒಬ್ಬ ಎಂಜಿನಿಯರ್ ಹತ್ತಿರ ಮನೆ ಪ್ಲಾನ್‌ಗಳನ್ನು ಆಟೋಕ್ಯಾಡ್‌ನಲ್ಲಿ ಬರೆದುಕೊಡುವ ಕೆಲಸ ಸಿಕ್ಕಿತ್ತು. ವಿಂಡೋಸ್, ಆಟೋಕ್ಯಾಡ್ ಎರಡರ ಲೈಸೆನ್ಸ್ ಅವರೇ ಕೊಡುತ್ತಿದ್ದರು, ಕಂಪ್ಯೂಟರ್ ಮಾತ್ರ ಇವಳದಾಗಿರಬೇಕು. ಮನೆಯಲ್ಲೇ ಕೂತು ಮಾಡಬಹುದು, ಒಂದೊಂದು ಡ್ರಾಯಿಂಗ್‌ಗೆ ಇಷ್ಟು ಅಂತ ಹಣ. ಕೊಬ್ಬರಿಗೆ ಆ ಸಲ ಒಳ್ಳೆ ರೇಟು ಇತ್ತು. ಚಿಕ್ಕಪ್ಪ ಅದರಲ್ಲಿ ಐವತ್ತೈದು ಸಾವಿರ ಎತ್ತಿಟ್ಟಿದ್ದರು.

ನಾನು ಫೋನಿನಲ್ಲಿ ನನ್ನ ಮಾಮೂಲಿ ವಾದ ಶುರು ಮಾಡಿದೆ. ಈಗ ಇಷ್ಟು ಸಾಕು ಚಿಕ್ಕಪ್ಪ, ಉಳಿದಿದ್ದನ್ನ ಆಮೇಲೆ ಹಾಕಿಸಬಹುದು ಅಂದೆ.

"ಆಮೇಲೆ ಅಂದ್ರೆ ಯಾವಾಗಪ್ಪ?" ಅಂದರು. "ಕೊಬ್ಬರಿ ರೇಟು ಹೋದ ಎರಡು ವರ್ಷ ಎಷ್ಟಿತ್ತು ಗೊತ್ತಲ್ಲ ನಿನಗೆ. ನಿಮಗೆ ಒಂದನೇ ತಾರೀಕು ಸಂಬಳ ಬರುತ್ತೆ, ಆಮೇಲೆ ಅನ್ನೋದು ನಿಮಗೆ ಇದೆ. ನಮಗೆ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ."

ತಿಂಗಳ ಸಂಬಳದವರು ಹೇಳುವ ಅಪ್‌ಗ್ರೇಡ್ ಅನ್ನೋ ಪದಕ್ಕೂ ಬೆಳೆ ನಂಬಿದ ಮನೆಯಲ್ಲಿ ಅದಕ್ಕಿರುವ ಅರ್ಥಕ್ಕೂ ತುಂಬ ವ್ಯತ್ಯಾಸ. ಹಾಗಾಗಿ ನಾವು ಒಂದು ನಿಯಮ ಮಾಡಿಕೊಂಡೆವು. ಆಮೇಲೆ ಒಂದು ರೂಪಾಯಿಯೂ ಬರದಿದ್ದರೂ ಇವತ್ತಿನ ಕೆಲಸ ಪೂರ್ತಿ ನಡೆಯಬೇಕು. ಬಂದರೆ, ಈಗ ತಗೊಂಡ ಯಾವುದನ್ನೂ ಬಿಸಾಡದೆ ಮುಂದಕ್ಕೆ ಬೆಳೆಸಲು ಜಾಗ ಇರಬೇಕು. ಈ ಎರಡು ಸಾಲು ಇಟ್ಟುಕೊಂಡರೆ ಅಂಗಡಿಯವರು ತೋರಿಸುವ ಅರ್ಧ ಆಮಿಷಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಮೊದಲು ಕೆಲಸ, ಆಮೇಲೆ ಪ್ರೊಸೆಸರ್

ಆಟೋಕ್ಯಾಡ್‌ನಲ್ಲಿ ಪ್ಲಾನ್ ಬರೆಯುವ ಕೆಲಸ ಬಹುಪಾಲು ಒಂದೇ ಕೋರ್ ಮೇಲೆ ನಡೆಯುತ್ತದೆ. ಹದಿನಾರು ಕೋರ್ ಕೊಟ್ಟರೂ ಅದಕ್ಕೆ ಬೇಕಾಗಿಲ್ಲ, ಒಂದು ಕೋರ್ ಚುರುಕಾಗಿದ್ದರೆ ಸಾಕು. ಬ್ಲೆಂಡರ್‌ನಂಥ ತ್ರೀಡಿ ರೆಂಡರಿಂಗ್ ಆದರೆ ಗ್ರಾಫಿಕ್ಸ್ ಕಾರ್ಡ್ ಮುಖ್ಯ. ದೊಡ್ಡ ಕೋಡ್ ಕಂಪೈಲ್ ಮಾಡುವವರಿಗೆ ಕೋರ್‌ಗಳೂ ಬೇಕು, ರ‍್ಯಾಮ್ ಕೂಡ ಬೇಕು. ಮನೆಯ ಲೆಕ್ಕಪತ್ರ, ಆನ್‌ಲೈನ್ ಕ್ಲಾಸು, ಸಿನಿಮಾ ಇಷ್ಟೇ ಆದರೆ ಹೊಸದಾಗಿ ಜೋಡಿಸುವ ಅಗತ್ಯವೇ ಇಲ್ಲ. ಕಂಪನಿಗಳು ಬಳಸಿ ಬಿಟ್ಟ ಆಫೀಸ್ ಡೆಸ್ಕ್‌ಟಾಪ್ ಸಾಕು. ಅದರ ಬಗ್ಗೆ ಮುಂದೆ ಹೇಳ್ತೀನಿ.

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ಓದೋದು ಕಲಿತರೆ ಅರ್ಧ ತಪ್ಪು ತಪ್ಪುತ್ತದೆ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಬೆಲೆ ಕಡಿಮೆ ಅಂತ 12100ಎಫ್ ತಂದು, ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಮಾನಿಟರ್ ಹಚ್ಚಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಎಎಂಡಿಯ ಎಎಂ4 ಸಾಲಿನಲ್ಲಿ ರೈಜನ್ 5 5600ಗೆ ಗ್ರಾಫಿಕ್ಸ್ ಇಲ್ಲ, 5600ಜಿಗೆ ಇದೆ. ಒಂದೇ ಒಂದು ಅಕ್ಷರ, ಆದರೆ ಕೆಲಸ ಶುರುವಾಗುತ್ತದೋ ಇಲ್ಲವೋ ಅನ್ನೋದು ಅದರ ಮೇಲೆ.

ನಾವು ಆರಿಸಿದ್ದು 5600ಜಿ. ಆರು ಕೋರ್, ಸಾಮಾನ್ಯ ಡ್ರಾಯಿಂಗ್ ಕೆಲಸಕ್ಕೆ ಸಾಕಾಗುವ ಗ್ರಾಫಿಕ್ಸ್ ಒಳಗೇ ಇದೆ. ಕೊರತೆಯೂ ಇದೆ. ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡುವ ದಾರಿ ಇದರಲ್ಲಿ ಪಿಸಿಐಇ 3.0, ಅಂದರೆ ಒಂದು ತಲೆಮಾರು ಹಳೆಯದು. ಎಂಟೇ ಲೇನ್ ಬಳಸುವ ಕಾರ್ಡ್ ಹಾಕಿದರೆ ಸ್ವಲ್ಪ ವೇಗ ನಷ್ಟ, ಹದಿನಾರು ಲೇನ್ ಬಳಸುವ ಕಾರ್ಡ್ ಆದರೆ ಗೊತ್ತೇ ಆಗಲ್ಲ. ಇದನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಬಿಲ್ ಜೊತೆ ಇಟ್ಟೆ. ಆಮೇಲೆ ಕಾರ್ಡ್ ತಗೊಳ್ಳುವಾಗ ಬೇಕಾಗುತ್ತೆ ಅಂತ.

ಹೊಸ ಸಾಕೆಟ್ ಯಾಕೆ ಬೇಡ ಅಂದೆವು

ಇಲ್ಲಿ ಕೆಲವರು ಕೇಳಬಹುದು: ಎಎಂ4 ಹಳೇ ಸಾಕೆಟ್ ಅಲ್ವಾ, ಎಎಂ5 ತಗೋಬೇಕಿತ್ತು ಅಲ್ವಾ ಅಂತ. ನ್ಯಾಯವಾದ ಪ್ರಶ್ನೆ. ಎಎಂ5 2022ರಲ್ಲಿ ಬಂತು, 2027ರವರೆಗೆ ಮತ್ತು ಅದರಾಚೆಗೂ ಬೆಂಬಲ ಕೊಡುತ್ತೀವಿ ಅಂತ ಎಎಂಡಿ ಹೇಳಿದೆ. ಎಎಂ4 ಚರಿತ್ರೆ ನೋಡಿದರೆ ಆ ಮಾತಿಗೆ ಬೆಲೆ ಇದೆ. 2017ರಲ್ಲಿ ಮೊದಲ ರೈಜನ್‌ಗೆ ಅಂತ ಕೊಂಡ ಎಷ್ಟೋ ಮದರ್‌ಬೋರ್ಡ್‌ಗಳಿಗೆ ಬಯೋಸ್ ಅಪ್‌ಡೇಟ್ ಮಾಡಿ 2022ರ 5800ಎಕ್ಸ್3ಡಿ ಹಾಕಿದವರಿದ್ದಾರೆ. ಇಂಟೆಲ್ ಎಲ್‌ಜಿಎ1700 ಸಾಕೆಟ್ 12, 13, 14ನೇ ತಲೆಮಾರುಗಳಿಗೆ ನಡೆದು 2024ರಲ್ಲಿ ಹೊಸದಕ್ಕೆ ಜಾಗ ಬಿಟ್ಟಿತು.

ಆದರೆ ಎಎಂ5 ಅಂದರೆ ದುಬಾರಿ ಬೋರ್ಡ್, ಜೊತೆಗೆ ಡಿಡಿಆರ್5 ರ‍್ಯಾಮ್. ನಮ್ಮ ಲೆಕ್ಕದಲ್ಲಿ ಸುಮಾರು ಎಂಟು ಹತ್ತು ಸಾವಿರ ಹೆಚ್ಚಾಗುತ್ತಿತ್ತು. ಆ ಹಣ ಬರಬೇಕಾದರೆ ಯುಪಿಎಸ್ ಬಿಡಬೇಕು, ಇಲ್ಲ ಪವರ್ ಸಪ್ಲೈನಲ್ಲಿ ರಾಜಿ ಆಗಬೇಕು. ನಾಳಿನ ಪ್ರೊಸೆಸರ್‌ಗೆ ದಾರಿ ಮಾಡಲು ಹೋಗಿ ಇವತ್ತಿನ ಡ್ರಾಯಿಂಗ್ ಕರೆಂಟ್ ಹೋದಾಗ ಕಳಕೊಳ್ಳೋದು ಯಾವ ಲೆಕ್ಕ? ಎಎಂ4ನಲ್ಲೂ ಅದೇ ಬೋರ್ಡ್‌ಗೆ ಮುಂದೆ ಎಂಟು ಕೋರ್‌ನ 5700ಎಕ್ಸ್ ಕೂರುತ್ತದೆ. ಅವಳ ಕೆಲಸಕ್ಕೆ ಅಷ್ಟು ಬೆಳೆಯುವ ಜಾಗ ಸಾಕು. ನಿಮಗೆ ಎಂಬತ್ತು ಸಾವಿರ ಇದ್ದರೆ ಬೇರೆ ಮಾತು, ಎಎಂ5 ಕಡೆಗೇ ಹೋಗಿ.

ಪವರ್ ಸಪ್ಲೈನಲ್ಲಿ ಜಿಪುಣತನ ಬೇಡ

ಕ್ಯಾಬಿನೆಟ್ ಜೊತೆ ಫ್ರೀ ಬರುವ, 450 ವ್ಯಾಟ್ ಅಂತ ಸ್ಟಿಕ್ಕರ್ ಅಂಟಿಸಿದ ಪವರ್ ಸಪ್ಲೈ ನೋಡಿರ್ತೀರಿ. ಕೈಯಲ್ಲಿ ಎತ್ತಿದರೆ ಖಾಲಿ ಟಿಫಿನ್ ಬಾಕ್ಸಿನಷ್ಟು ಹಗುರ. ಅದರ ಸ್ಟಿಕ್ಕರ್ ಓದುವ ಒಂದು ಸರಳ ವಿಧಾನ ಹೇಳ್ತೀನಿ. +12ವಿ ಅಂತ ಒಂದು ಕಾಲಂ ಇರುತ್ತದೆ, ಅದರ ಕೆಳಗೆ ಆಂಪಿಯರ್ ಇರುತ್ತದೆ. ಅದನ್ನು 12ರಿಂದ ಗುಣಿಸಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ತಿನ್ನೋದು ಈ 12 ವೋಲ್ಟ್ ಸಾಲಿನಿಂದಲೇ. 38 ಆಂಪ್ ಇದ್ದರೆ 456 ವ್ಯಾಟ್. ಹೊರಗೆ 450 ಅಂತ ದೊಡ್ಡದಾಗಿ ಬರೆದು ಒಳಗೆ 12 ವೋಲ್ಟ್‌ಗೆ 16 ಆಂಪ್ ಅಂತಿದ್ದರೆ, ಅದು ನಿಜಕ್ಕೂ ಕೊಡುವುದು 192 ವ್ಯಾಟ್.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಮುದ್ರೆ ದಕ್ಷತೆಯ ಅಳತೆ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರ್‌ಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಹಾಳಾಗುತ್ತದೆ ಅನ್ನೋದನ್ನು ಮಾತ್ರ ಅದು ಹೇಳುತ್ತದೆ. ವೋಲ್ಟೇಜ್ ಏರಿದಾಗ, ಶಾರ್ಟ್ ಆದಾಗ ತಾನಾಗಿ ಆಫ್ ಆಗುವ ರಕ್ಷಣೆ ಇದೆಯೋ ಇಲ್ಲವೋ ಅದರಲ್ಲಿ ಗೊತ್ತಾಗಲ್ಲ. ಅದಕ್ಕೆ ಬಾಕ್ಸಿನ ಮೇಲೆ ಓವಿಪಿ, ಓಸಿಪಿ, ಓಪಿಪಿ, ಎಸ್‌ಸಿಪಿ ಅಂತ ಇರುವುದನ್ನು ನೋಡಿ, ವಾರಂಟಿ ಎಷ್ಟು ವರ್ಷ ಅಂತ ನೋಡಿ. ಐದು ವರ್ಷ ವಾರಂಟಿ ಕೊಡುವ ಕಂಪನಿ ತನ್ನ ಮಾಲಿನ ಮೇಲೆ ಸ್ವಲ್ಪವಾದರೂ ನಂಬಿಕೆ ಇಟ್ಟಿರುತ್ತದೆ.

ನಾವು ತಗೊಂಡಿದ್ದು 550 ವ್ಯಾಟ್ ಬ್ರಾಂಜ್. ಆ ಹೊತ್ತಿಗೆ ಅವಳ ಇಡೀ ಕಂಪ್ಯೂಟರ್ ಪೂರ್ತಿ ಕೆಲಸ ಮಾಡಿದರೂ ನೂರೈವತ್ತು ವ್ಯಾಟ್ ದಾಟುತ್ತಿರಲಿಲ್ಲ. ಆದರೂ 550 ಯಾಕೆ? ಮುಂದೆ ಒಂದು ಮಧ್ಯಮ ಗ್ರಾಫಿಕ್ಸ್ ಕಾರ್ಡ್ ಬಂದರೆ ಆಗ ಪವರ್ ಸಪ್ಲೈ ಬಿಸಾಡುವಂತೆ ಆಗಬಾರದು. ಇವತ್ತಿನ ಕೆಲಸಕ್ಕೆ ಪೂರ್ತಿ ಸಾಕು, ನಾಳೆಗೂ ಜಾಗ ಇದೆ. ನಿಯಮಕ್ಕೆ ಸರಿಯಾಗಿ ಹೊಂದಿದ ಭಾಗ ಇದು.

ಗೋಡೆಯಲ್ಲಿರುವ ಮೂರನೇ ತೂತು

ಬಜೆಟ್ ಪಟ್ಟಿಗಳಲ್ಲಿ ಯಾರೂ ಬರೆಯದ ಒಂದು ಭಾಗ ಇದೆ: ಮನೆಯ ಅರ್ಥಿಂಗ್. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಆದರೆ ಮೇಲಿನ ದೊಡ್ಡ ತೂತಿಗೆ ಹಿಂದೆ ತಂತಿಯೇ ಇರಲ್ಲ. ಆಗ ಕ್ಯಾಬಿನೆಟ್ ಮುಟ್ಟಿದರೆ ಇರುವೆ ಕಚ್ಚಿದ ಹಾಗೆ ಚುಮುಚುಮು ಅನ್ನುತ್ತದೆ. ಪವರ್ ಸಪ್ಲೈ ಒಳಗೆ ಗದ್ದಲ ಸೋಸಲು ಇಟ್ಟಿರುವ ಪುಟ್ಟ ಕೆಪಾಸಿಟರ್‌ಗಳ ಮೂಲಕ ಸ್ವಲ್ಪ ಕರೆಂಟ್ ಲೋಹದ ಡಬ್ಬಕ್ಕೆ ಬರುತ್ತದೆ. ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಿಮ್ಮ ಬೆರಳಿಗೆ. ಅದು ಬರೀ ಚುಮುಚುಮು ಅಂತ ಸುಮ್ಮನಿರಬೇಡಿ. ನಾಳೆ ಒಳಗೆ ನಿಜವಾದ ದೋಷ ಬಂದರೆ ರಕ್ಷಣೆಗೆ ಬೇರೆ ದಾರಿ ಇರಲ್ಲ.

ಚಿಕ್ಕಪ್ಪನ ಮನೆಯಲ್ಲೂ ಹಾಗೇ ಇತ್ತು. ಕಂಪ್ಯೂಟರ್ ತರುವ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಆ ಕೋಣೆಯ ಪಾಯಿಂಟ್‌ಗೆ ಅರ್ಥ್ ಎಳೆಸಿದೆವು. ನೀವೂ ಅಷ್ಟು ಮಾಡಿ, ಟೆಸ್ಟರ್ ಹಿಡಿದು ಸ್ವಂತ ಪ್ರಯೋಗ ಮಾತ್ರ ಬೇಡ.

ಯುಪಿಎಸ್ ವಿಷಯದಲ್ಲಿ ವಿಎ ಮತ್ತು ವ್ಯಾಟ್ ಬೇರೆ ಬೇರೆ ಅನ್ನೋದು ನೆನಪಿರಲಿ. ಪೇಟೆಯಲ್ಲಿ ಸಿಗುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ, 1000 ವಿಎ ಸುಮಾರು 600 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರ್‌ಗೆ 600 ಸಾಕಿತ್ತು, ನಾವು 1000 ತಗೊಂಡೆವು, ಅದೇ ಕಾರಣಕ್ಕೆ. ಇದು ಗಂಟೆಗಟ್ಟಲೆ ಕೆಲಸ ಮಾಡಲು ಅಲ್ಲ. ಫೈಲ್ ಸೇವ್ ಮಾಡಿ, ಸರಿಯಾಗಿ ಶಟ್‌ಡೌನ್ ಮಾಡಲು.

ರ‍್ಯಾಮ್: ಆಮೇಲೆ ಅನ್ನೋದು ದುಬಾರಿಯಾದ ಕಡೆ

ರ‍್ಯಾಮ್ ಅಂದರೆ ಆಮೇಲೆ ಸೇರಿಸಲು ಅತ್ಯಂತ ಸುಲಭವಾದ ಭಾಗ. ಎರಡು ಕ್ಲಿಪ್, ಒಂದು ಒತ್ತು, ಮುಗಿಯಿತು. ಅದಕ್ಕೇ ವರ್ಷಗಳಿಂದ ಎಲ್ಲರೂ, ಮೊದಲು ಕಡಿಮೆ ಹಾಕಿ, ಆಮೇಲೆ ಹೆಚ್ಚಿಸಿ ಅನ್ನುತ್ತಿದ್ದರು. 2025ರ ಕೊನೆಯ ತಿಂಗಳುಗಳಲ್ಲಿ ಆ ಮಾತು ತಲೆಕೆಳಗಾಯಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನು ರಾಶಿರಾಶಿಯಾಗಿ ಕೊಳ್ಳುತ್ತಿವೆ, ತಯಾರಕರು ಹೆಚ್ಚು ಲಾಭದ ಸರ್ವರ್ ಮೆಮೊರಿ ಕಡೆ ವಾಲಿದ್ದಾರೆ. ಮೈಕ್ರಾನ್ ಕಂಪನಿ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯವಹಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ನಾವು ಮೂರು ಸಾವಿರದ ಚಿಲ್ಲರೆಗೆ ತಂದ 16 ಜಿಬಿ ಡಿಡಿಆರ್4 ಜೋಡಿಗೆ ಈಗ ಎರಡು ಪಟ್ಟಿಗೂ ಹೆಚ್ಚು ಹೇಳುತ್ತಾರೆ.

ಹಾಗಾದರೆ ಈಗ ಕೊಳ್ಳುವವರು ಏನು ಮಾಡಬೇಕು? ನನ್ನ ಸಲಹೆ, 16 ಜಿಬಿಗಿಂತ ಕಡಿಮೆಗೆ ಇಳಿಯಬೇಡಿ, ಕೆಲಸ ಬೇಡದಿದ್ದರೆ 32ಕ್ಕೆ ಹೋಗಬೇಡಿ. ರ‍್ಯಾಮ್ ಬೇಗ ಕೆಡುವ ವಸ್ತು ಅಲ್ಲ, ಪರಿಚಯದವರ ಹತ್ತಿರ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಧೈರ್ಯವಾಗಿ ತಗೊಳ್ಳಿ. ಒಂದು ರಾತ್ರಿ ಮೆಮ್‌ಟೆಸ್ಟ್86 ಓಡಿಸಿ, ಒಂದೂ ಎರರ್ ಬರದಿದ್ದರೆ ಸರಿ. ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಒಂದು ಕೂರಲ್ಲ, ಮಧ್ಯದ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ.

ಎರಡು 8 ಜಿಬಿ ಪಟ್ಟಿ ಒಳ್ಳೆಯದೋ, ಒಂದು 16 ಜಿಬಿ ಒಳ್ಳೆಯದೋ? ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಬಳಸುವವರಿಗೆ ಎರಡು ಪಟ್ಟಿಯೇ ಬೇಕು. ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮ್‌ನಿಂದಲೇ ಸಾಲ ಪಡೆಯುತ್ತದೆ. ಎರಡು ಚಾನೆಲ್ ಇದ್ದರೆ ದಾರಿ ಎರಡಷ್ಟು ಅಗಲ. ಆದರೆ ಬೋರ್ಡ್‌ನಲ್ಲಿ ಎರಡೇ ಸ್ಲಾಟ್ ಇದ್ದರೆ ಮುಂದೆ ಬೆಳೆಯಲು ಜಾಗ ಇರಲ್ಲ. ಅದಕ್ಕೇ ನಾವು ಬೋರ್ಡ್‌ಗೆ ಸ್ವಲ್ಪ ಹೆಚ್ಚು ಕೊಟ್ಟು ನಾಲ್ಕು ಸ್ಲಾಟ್ ಇರುವ ಬಿ550 ಆರಿಸಿದೆವು. ಡಿಡಿಆರ್5ನಲ್ಲಿ ಮಾತ್ರ ನಾಲ್ಕು ಪಟ್ಟಿ ಹಾಕಿದರೆ ವೇಗ ಇಳಿಯುತ್ತದೆ, ಅಲ್ಲಿ ಎರಡರಲ್ಲೇ ಮುಗಿಸುವುದು ಮೇಲು.

ಪೂರ್ತಿ ಪಟ್ಟಿ

2025ರ ಏಪ್ರಿಲ್‌ನಲ್ಲಿ ನಾವು ಕೊಟ್ಟ ಬೆಲೆ ಹೀಗಿತ್ತು. ಇವತ್ತು ಹೀಗಿರಲ್ಲ, ಆದರೆ ಯಾವುದಕ್ಕೆ ಎಷ್ಟು ಪಾಲು ಅನ್ನೋದು ಗೊತ್ತಾಗುತ್ತದೆ.

ಪ್ರೊಸೆಸರ್, ರೈಜನ್ 5 5600ಜಿ: 11,500
ಮದರ್‌ಬೋರ್ಡ್, ಬಿ550: 9,200
ರ‍್ಯಾಮ್, 8 ಜಿಬಿ ಎರಡು: 3,300
ಎಸ್‌ಎಸ್‌ಡಿ, 500 ಜಿಬಿ ಎನ್‌ವಿಎಂಇ: 3,400
ಪವರ್ ಸಪ್ಲೈ, 550 ವ್ಯಾಟ್: 4,300
ಕ್ಯಾಬಿನೆಟ್: 3,000
ಮಾನಿಟರ್, 24 ಇಂಚು ಐಪಿಎಸ್: 8,600
ಯುಪಿಎಸ್, 1000 ವಿಎ: 5,200
ಕೀಬೋರ್ಡ್, ಮೌಸ್: 1,000

ಒಟ್ಟು 49,500. ಉಳಿದ 5,500ನ್ನು ಖರ್ಚು ಮಾಡಲಿಲ್ಲ. ಅದರಲ್ಲಿ ಇನ್ನೂ ಒಳ್ಳೆ ಕ್ಯಾಬಿನೆಟ್ ಬರ್ತಿತ್ತು, ಬಣ್ಣದ ಲೈಟು ಬರ್ತಿತ್ತು. ಅದನ್ನು ಅವಳ ಹೆಸರಿನ ಖಾತೆಯಲ್ಲೇ ಇಟ್ಟೆವು. ಆಮೇಲೆ ಅನ್ನೋದು ಖಾತ್ರಿ ಇಲ್ಲದ ಮನೆಯಲ್ಲಿ, ಆ ಆಮೇಲೆಗೆ ಒಂದು ಸಣ್ಣ ಪಾಲನ್ನು ಈಗಲೇ ಎತ್ತಿಡಬೇಕು.

ಎಸ್‌ಎಸ್‌ಡಿ ಬಗ್ಗೆ ಒಂದು ಮಾತು. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಮೂರನೇ ತಲೆಮಾರಿನ ಎನ್‌ವಿಎಂಇ ಸುಮಾರು 3,500, ನಾಲ್ಕನೆಯದು 7,000ದ ತನಕ. ದಿನದ ಬಳಕೆಯಲ್ಲಿ ಹಾರ್ಡ್‌ಡಿಸ್ಕ್‌ನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದಾಗ ಆಗುವ ವ್ಯತ್ಯಾಸ ದೊಡ್ಡದು. ಈ ಮೂರರ ಮಧ್ಯೆ ಕಣ್ಣಿಗೆ ಕಾಣುವ ವ್ಯತ್ಯಾಸ ಚಿಕ್ಕದು. ಆದ್ದರಿಂದ ಹೆಚ್ಚು ವೇಗಕ್ಕೆ ದುಡ್ಡು ಕೊಡುವ ಬದಲು ಟಿಎಲ್‌ಸಿ ಮೆಮೊರಿ, ಐದು ವರ್ಷ ವಾರಂಟಿ ಇರುವುದನ್ನು ಹುಡುಕಿ.

ಎಸ್‌ಪಿ ರೋಡಿನಲ್ಲಿ ಕಿವಿ ತೆರೆದಿಟ್ಟುಕೊಳ್ಳಿ

ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಎಸ್‌ಪಿ ರೋಡ್, ಅಂದರೆ ಸಾದರ್ ಪತ್ರಪ್ಪ ರಸ್ತೆ, ನಮ್ಮ ರಾಜ್ಯದವರಿಗೆ ಕಂಪ್ಯೂಟರ್ ಬಿಡಿಭಾಗಗಳ ದೊಡ್ಡ ಸಂತೆ. ದೆಹಲಿಗೆ ನೆಹರು ಪ್ಲೇಸ್, ಚೆನ್ನೈಗೆ ರಿಚಿ ಸ್ಟ್ರೀಟ್ ಹೇಗೋ ಹಾಗೆ. ಆನ್‌ಲೈನ್ ಬೆಲೆ ನೋಡಿಕೊಂಡು ಹೋಗಿ, ಆದರೆ ಅಂಗಡಿಗೂ ಹೋಗಿ. ಎಲ್ಲವನ್ನೂ ಒಂದೇ ಕಡೆ ತಗೊಂಡರೆ ಸ್ವಲ್ಪ ಇಳಿಸುತ್ತಾರೆ, ಬೋರ್ಡ್ ಸತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಅಲ್ಲಿ ಕೇಳಿಬರುವ ಅತಿ ಹಳೆಯ ಪಲ್ಲವಿ: "ಸಾರ್, ಐ7 ಇದೆ, ಗ್ರಾಫಿಕ್ಸ್ ಕಾರ್ಡ್ ಸಮೇತ, ಬರೀ ಹದಿನೆಂಟು ಸಾವಿರ." ಐ7 ಅನ್ನೋದು ವರ್ಗದ ಹೆಸರು, ಹುಟ್ಟಿದ ವರ್ಷ ಅಲ್ಲ. 2013ರ ಐ7 4770ಕ್ಕೆ ನಾಲ್ಕು ಕೋರ್. 2022ರ ಐ3 12100ಕ್ಕೂ ನಾಲ್ಕು ಕೋರ್, ಆದರೆ ಅದು ಎಲ್ಲ ಲೆಕ್ಕದಲ್ಲೂ ಮುಂದೆ. ಆ ಕಾಂಬೊದಲ್ಲಿ ಬರುವ ಗ್ರಾಫಿಕ್ಸ್ ಕಾರ್ಡ್ ಹೆಚ್ಚಾಗಿ 2014ರ ಜಿಟಿ 730. 5600ಜಿ ಒಳಗೆ ಪುಕ್ಕಟೆ ಬರುವ ಗ್ರಾಫಿಕ್ಸ್ ಅದಕ್ಕಿಂತ ವೇಗವಾಗಿದೆ. ಹಾಗಾಗಿ ಹೆಸರು ಕೇಳಬೇಡಿ, ಪೂರ್ತಿ ಮಾಡೆಲ್ ನಂಬರ್ ಕೇಳಿ, ಫೋನಿನಲ್ಲಿ ನೋಡಿ ಯಾವ ವರ್ಷದ್ದು ಅಂತ.

ಬಳಸಿದ ಆಫೀಸ್ ಕಂಪ್ಯೂಟರ್‌ಗಳ ಬಗ್ಗೆ ಹೇಳ್ತೀನಿ ಅಂದಿದ್ದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಇಂಟೆಲ್ ಎಂಟನೇ ತಲೆಮಾರು ಅಥವಾ ಮೇಲಿನದು ಬೇಕು, ಟಿಪಿಎಂ 2.0 ಬೇಕು. ಹೀಗಾಗಿ ಆರು, ಏಳನೇ ತಲೆಮಾರಿನ ಯಂತ್ರಗಳು ತುಂಬ ಅಗ್ಗ. ಲಿನಕ್ಸ್ ಬಳಸುವವರಿಗೆ ಅವು ಚೆನ್ನಾಗಿಯೇ ನಡೆಯುತ್ತವೆ. ವಿಂಡೋಸ್ ಬೇಕೆಂದರೆ ಎಂಟನೇ ತಲೆಮಾರಿನಿಂದ ಕೆಳಗೆ ಇಳಿಯಬೇಡಿ. ಇನ್ನೊಂದು, ದೊಡ್ಡ ಬ್ರ್ಯಾಂಡ್‌ಗಳ ಆಫೀಸ್ ಡಬ್ಬಗಳಲ್ಲಿ ಪವರ್ ಸಪ್ಲೈ, ಬೋರ್ಡ್ ಎರಡೂ ತಮ್ಮದೇ ಅಳತೆಯವು ಇರುತ್ತವೆ. ಇವತ್ತಿನ ಕೆಲಸಕ್ಕೆ ಸರಿ, ನಾಳೆ ಬೆಳೆಸಲು ಜಾಗ ಕಡಿಮೆ.

ಬಿಡಿಭಾಗಗಳಲ್ಲಿ ಸೆಕೆಂಡ್ ಹ್ಯಾಂಡ್ ಯಾವುದು ಸರಿ? ಪ್ರೊಸೆಸರ್ ಸರಿ, ಅದು ಸಾಯುವುದು ಅಪರೂಪ. ಎಎಂ4 ಆದರೆ ಪಿನ್‌ಗಳು ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ, ಬಾಗಿವೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಇಂಟೆಲ್, ಎಎಂ5ನಲ್ಲಿ ಪಿನ್‌ಗಳು ಬೋರ್ಡ್ ಮೇಲೆ, ಹಾಗಾಗಿ ಅಲ್ಲಿ ಹಳೇ ಬೋರ್ಡ್ ಕೊಳ್ಳುವಾಗ ಹುಷಾರು. 13, 14ನೇ ತಲೆಮಾರಿನ ದೊಡ್ಡ ಇಂಟೆಲ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಸಮಸ್ಯೆ ಇದ್ದುದನ್ನು 2024ರಲ್ಲಿ ಕಂಪನಿಯೇ ಒಪ್ಪಿ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅವನ್ನು ಹಳೆಯದಾಗಿ ಕೊಳ್ಳುವ ಮುಂಚೆ ಯೋಚಿಸಿ. ಪವರ್ ಸಪ್ಲೈ, ಹಾರ್ಡ್‌ಡಿಸ್ಕ್ ಎರಡನ್ನೂ ಹಳೆಯದು ತರಲೇಬೇಡಿ.

ಕೊನೆಗೆ ಬಿಲ್. ಜಿಎಸ್‌ಟಿ ಬಿಲ್ ಇಲ್ಲದೆ ಸ್ವಲ್ಪ ಬಿಟ್ಟುಕೊಡ್ತೀನಿ ಅಂದರೆ ಬೇಡ ಅನ್ನಿ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ. ಪ್ರೊಸೆಸರ್ ಬಾಕ್ಸ್ ಸಮೇತದ್ದು ತಗೊಳ್ಳಿ, ಅದಕ್ಕೆ ಕಂಪನಿಯ ಮೂರು ವರ್ಷ ವಾರಂಟಿ ಇರುತ್ತದೆ. ಟ್ರೇ ಅಂತ ಬಿಡಿಯಾಗಿ ಕೊಡುವುದಕ್ಕೆ ಅಂಗಡಿಯವರ ಮಾತೇ ವಾರಂಟಿ.

ಜೋಡಿಸಿದ ಮೇಲೆ

ಜೋಡಿಸುವುದನ್ನು ಇಲ್ಲಿ ಪೂರ್ತಿ ಹೇಳಲು ಆಗಲ್ಲ. ಆದರೆ ಒಳ್ಳೆ ಭಾಗ ತಂದೂ ಲಾಭ ಸಿಗದ ಹಾಗೆ ಮಾಡುವ ಮೂರು ವಿಷಯ ಹೇಳಿಬಿಡ್ತೀನಿ. ನಾಲ್ಕು ಸ್ಲಾಟ್ ಇದ್ದರೆ ರ‍್ಯಾಮ್ ಜೋಡಿಯನ್ನು ಪ್ರೊಸೆಸರ್‌ನಿಂದ ಎಣಿಸಿ ಎರಡು ಮತ್ತು ನಾಲ್ಕನೆಯದರಲ್ಲಿ ಹಾಕಿ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ ತನ್ನ ಕನಿಷ್ಠ ವೇಗದಲ್ಲೇ ತೆವಳುತ್ತಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಮಾನಿಟರ್ ಕೇಬಲ್ ಅನ್ನು ಮದರ್‌ಬೋರ್ಡ್‌ನಿಂದ ಕಿತ್ತು ಕಾರ್ಡ್‌ಗೇ ಚುಚ್ಚಿ. ಸಾವಿರಗಟ್ಟಲೆ ಕೊಟ್ಟು ಕಾರ್ಡ್ ತಂದು, ಕೇಬಲ್ ಹಳೇ ಜಾಗದಲ್ಲೇ ಬಿಟ್ಟು, ಏನೂ ವ್ಯತ್ಯಾಸ ಇಲ್ಲ ಅಂತ ಫೋನ್ ಮಾಡಿದವರು ನನಗೆ ಇಬ್ಬರಿದ್ದಾರೆ.

ತಿಪಟೂರಿನ ಡೆಸ್ಕ್‌ಟಾಪ್ ಈಗ ಬೆಳೆದಿದೆ. ಎಂಟು ತಿಂಗಳ ಹೊತ್ತಿಗೆ ಅವಳಿಗೆ ಬರೀ ಪ್ಲಾನ್ ಅಲ್ಲದೆ ಮನೆಯ ತ್ರೀಡಿ ಚಿತ್ರಗಳನ್ನೂ ಕೇಳತೊಡಗಿದರು. ಎತ್ತಿಟ್ಟ 5,500ಕ್ಕೆ ತನ್ನ ದುಡಿಮೆಯ ಹಣ ಸೇರಿಸಿ, ಬಳಸಿದ ಆರ್‌ಟಿಎಕ್ಸ್ 3060 ತಗೊಂಡಳು. 12 ಜಿಬಿ ಮೆಮೊರಿ, ಹದಿನಾರು ಲೇನ್, 170 ವ್ಯಾಟ್. ಬಿಲ್ ಜೊತೆಗಿದ್ದ ಚೀಟಿ ನೋಡಿಕೊಂಡೇ ಆರಿಸಿದ್ದಳು, ನನ್ನನ್ನು ಕೇಳಲೂ ಇಲ್ಲ. ಪವರ್ ಸಪ್ಲೈ ಅದೇ, ಯುಪಿಎಸ್ ಅದೇ, ಬೋರ್ಡ್ ಅದೇ. ಇನ್ನೆರಡು ರ‍್ಯಾಮ್ ಪಟ್ಟಿ ಬೇಕು ಅನ್ನುತ್ತಿದ್ದಾಳೆ, ಈಗಿನ ಬೆಲೆ ಕೇಳಿ ಸದ್ಯಕ್ಕೆ ಸುಮ್ಮನಾಗಿದ್ದಾಳೆ. ಕೆಲಸ ನಿಂತಿಲ್ಲ.

ನೀವು ಅಂಗಡಿಗೆ ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಳ್ಳಿ. ಈ ಕಂಪ್ಯೂಟರ್‌ನಲ್ಲಿ ಪ್ರತಿದಿನ ಮಾಡಲೇಬೇಕಾದ ಒಂದು ಕೆಲಸ ಯಾವುದು? ಇದಕ್ಕೆ ಮತ್ತೆ ಹಣ ಹಾಕಲು ಸಾಧ್ಯವಾಗುವುದು ಯಾವ ತಿಂಗಳಲ್ಲಿ, ಅದು ಖಚಿತವೋ ಅಂದಾಜೋ? ಮಾನಿಟರ್, ಯುಪಿಎಸ್, ಕೀಬೋರ್ಡ್, ವಿಂಡೋಸ್, ಅರ್ಥಿಂಗ್ ಕಳೆದ ಮೇಲೆ ಡಬ್ಬಕ್ಕೆ ಉಳಿಯುವ ಹಣ ಎಷ್ಟು? ಈ ಮೂರು ಉತ್ತರ ಬರೆದ ಹಾಳೆಯನ್ನು ಅಂಗಡಿಯವರ ಮುಂದಿಟ್ಟರೆ ಮಾತು ಐ7ನಿಂದ ಶುರುವಾಗಲ್ಲ, ನಿಮ್ಮ ಕೆಲಸದಿಂದ ಶುರುವಾಗುತ್ತದೆ.

ಮುಂದಿನ ಕಂತಿನಲ್ಲಿ, ಎಲ್ಲ ಭಾಗ ತಂದ ಮೇಲೆ ಊಟದ ಟೇಬಲ್ ಮೇಲೆ ಹರಡಿಕೊಂಡು ಜೋಡಿಸುವುದು ಹೇಗೆ ಅಂತ ನೋಡೋಣ. ಒಂದು ಸ್ಕ್ರೂ ಡ್ರೈವರ್ ಹುಡುಕಿ ಇಟ್ಟಿರಿ.